ತಟ್ಟೆಯಲ್ಲೊಂದು ದಾಳಿಂಬೆ ಮರ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ" ಎಂಬ ಗಾದೆಯನ್ನು ನಾವು ಮಕ್ಕಳಿಗೆ ಬುದ್ಧಿ ಹೇಳಲು ಬಳಸುತ್ತೇವೆ. ಅದನ್ನು ಗಿಡದ ಮೇಲೆಯೇ ಪ್ರಯೋಗಿಸಿ, ಮೊಳದುದ್ದದ ಮರವೊಂದನ್ನು ತಟ್ಟೆಯಲ್ಲಿ ಹತ್ತಾರು ವರ್ಷ ಬಾಳಿಸುವ ವಿದ್ಯೆಯೂ ಇದೆ. ಜಪಾನೀಯರು ಇದನ್ನು ಬೋನ್ಸಾಯ್ ಎಂದು ಕರೆಯುತ್ತಾರೆ. ಬೋನ್ ಎಂದರೆ ತಟ್ಟೆ, ಸಾಯ್ ಎಂದರೆ ನೆಡುವುದು. ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ಈ ಕಲೆಗೆ ನಮ್ಮಲ್ಲಿ ಕುಬ್ಜ ಮರ, ವಾಮನ ವೃಕ್ಷ ಎಂಬ ಹೆಸರುಗಳಿವೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನದಲ್ಲಿ ಇಂಥ ಮರಗಳನ್ನು ಸಾಲಾಗಿ ಕಾಣಬಹುದು.

ನೋಡಿದವರಿಗೆ ಆಸೆಯಾಗುವುದು ಸಹಜ. ಪೇಟೆಯ ನರ್ಸರಿಯಿಂದ ದುಬಾರಿ ಬೆಲೆಗೆ ಒಂದು ತಟ್ಟೆ ಗಿಡ ಮಲೆನಾಡಿನ ಮನೆಗೆ ಬರುತ್ತದೆ. ಬಯಲುಸೀಮೆಯಲ್ಲಿ ನೆಂಟಸ್ತಿಕೆ ಇರುವವರು ಅಲ್ಲಿಂದ ದಾಳಿಂಬೆಯ ಗೂಟಿಯನ್ನು ತಂದು ಕುಂಡದಲ್ಲಿ ನೆಡುತ್ತಾರೆ. ಬೇಸಿಗೆಯಲ್ಲಿ ಗಿಡ ನಳನಳಿಸುತ್ತದೆ. ಆಷಾಢ ಹಿಡಿಯಿತೆಂದರೆ ಎಲೆ ಹಳದಿಯಾಗಿ, ಬುಡ ಮೆತ್ತಗಾಗಿ, ಗಣೇಶನ ಹಬ್ಬದ ಹೊತ್ತಿಗೆ ತಟ್ಟೆ ಖಾಲಿಯಾಗುತ್ತದೆ. ಇದು ಗಿಡದ ದೋಷವಲ್ಲ. ಅದು ಹುಟ್ಟಿ ಬೆಳೆದ ನೆಲದ ಗುಣವನ್ನು ನಾವು ಅರಿತರೆ ಅದೇ ಗಿಡ ಮಲೆನಾಡಿನ ಮಳೆಯನ್ನೂ ದಾಟಬಲ್ಲದು. ಈ ಲೇಖನದ ಉದ್ದೇಶ ಇಷ್ಟೆ.

ದಾಳಿಂಬೆಯ ನೆಲ

ದಾಳಿಂಬೆಯ ಸ್ವಭಾವವನ್ನು ತಿಳಿಯಲು ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಧುಪದಾಳದ ಕಡೆಗೆ ಒಮ್ಮೆ ಕಣ್ಣು ಹಾಯಿಸೋಣ. ಪಶ್ಚಿಮ ಘಟ್ಟದಲ್ಲಿ ಹುಟ್ಟಿದ ಘಟಪ್ರಭೆ ಹಿಡಕಲ್ ಜಲಾಶಯವನ್ನು ದಾಟಿ ಇಲ್ಲಿಗೆ ಬರುತ್ತದೆ, ಮುಂದೆ ಗೋಕಾಕದಲ್ಲಿ ಜಲಪಾತವಾಗಿ ಧುಮುಕುತ್ತದೆ. ಧುಪದಾಳದಲ್ಲಿ ನದಿಗೆ ಅಡ್ಡಲಾಗಿ 19ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಒಡ್ಡಿದೆ. ಎಡದಂಡೆ ಕಾಲುವೆ ಹೊರಡುವುದು ಇಲ್ಲಿಂದಲೇ. ಒಡ್ಡಿನ ಹಿನ್ನೀರಿಗೆ ಚಳಿಗಾಲದಲ್ಲಿ ದೂರ ದೇಶದ ಕೊಕ್ಕರೆಗಳು ಬರುವುದರಿಂದ ಅದನ್ನು 1974ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು.

ನೀರು ಇಷ್ಟಿದ್ದರೂ ಆಕಾಶದಿಂದ ಬೀಳುವ ಮಳೆ ಮಾತ್ರ ಕಡಿಮೆ. ಗೋಕಾಕದ ಸುತ್ತ ವರ್ಷಕ್ಕೆ 500ರಿಂದ 600 ಮಿಲಿಮೀಟರಿನ ಆಸುಪಾಸು. ನಮ್ಮ ಆಗುಂಬೆಯ ಕಡೆ ಒಂದೇ ಜುಲೈ ತಿಂಗಳಲ್ಲಿ ಅದರ ಮೂರು ಪಟ್ಟು ಸುರಿಯುವುದುಂಟು. ಅಲ್ಲಿಯದು ಸುಣ್ಣದಂಶವಿರುವ ಎರೆ ಮಣ್ಣು, ಕಲ್ಲು ಬೆರೆತ ಮಸಾರಿ ಮಣ್ಣು. ಬಿಸಿಲು ನೇರ, ಗಾಳಿ ಒಣ. ಇರಾನಿನಿಂದ ಉತ್ತರ ಭಾರತದವರೆಗಿನ ಒಣನಾಡಿನಲ್ಲಿ ಹುಟ್ಟಿದ ದಾಳಿಂಬೆಗೆ ಇದು ತವರಿನಂಥ ಹವೆ. ಹತ್ತಿರದ ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮನ ಹೆಸರಿನ ತೋಟಗಾರಿಕೆ ಮಹಾವಿದ್ಯಾಲಯವಿದೆ. ಅದು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ಆ ಸೀಮೆಯ ರೈತರ ಬಾಯಲ್ಲಿ "ಸವಳು-ಜವಳು" ಎಂಬ ಮಾತಿದೆ. ಕಾಲುವೆ ನೀರು ಬಂದ ಮೇಲೆ ಮಿತಿಯಿಲ್ಲದೆ ಹಾಯಿಸಿದ ಹೊಲಗಳಲ್ಲಿ ನೀರು ಬಸಿದು ಹೋಗದೆ ನಿಂತು ಜವಳಾಯಿತು. ಅಡಿಯ ಉಪ್ಪು ಮೇಲಕ್ಕೆ ಬಂದು ಸವಳಾಯಿತು. ಘಟಪ್ರಭಾ ಅಚ್ಚುಕಟ್ಟಿನ ರೈತರು ನೀರಿಲ್ಲದ ಕಷ್ಟವನ್ನೂ ಕಂಡರು, ನೀರು ಹೆಚ್ಚಾದ ಕಷ್ಟವನ್ನೂ ಕಂಡರು. ನೀರು ಕೊಡುವುದು ಅರ್ಧ ಬೇಸಾಯ, ನೀರನ್ನು ಹೊರಗೆ ಬಿಡುವುದು ಉಳಿದರ್ಧ. ಬಸಿಗಾಲುವೆ ತೆಗೆಯದ ಅಡಿಕೆ ತೋಟ ಏನಾಗುತ್ತದೆಂದು ನಮಗೂ ಗೊತ್ತು. ತಟ್ಟೆಯ ದಾಳಿಂಬೆಗೆ ಇದೇ ಮೊದಲ ಪಾಠ, ಇದೇ ಕೊನೆಯ ಪಾಠ. ತೂತು ಮುಚ್ಚಿದ ತಟ್ಟೆ ಎಂದರೆ ಒಂದು ಗೇಣಿನ ಜವಳು ಭೂಮಿ.

ಗಿಡದ ಆಯ್ಕೆ

ಕುಬ್ಜ ಮರವೆಂದರೆ ಉಪವಾಸ ಕೆಡವಿ ಗಿಡ್ಡ ಮಾಡಿದ ಗಿಡವೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಬೇರನ್ನೂ ರೆಂಬೆಯನ್ನೂ ಕಾಲಕಾಲಕ್ಕೆ ಕತ್ತರಿಸಿ ಸಮತೂಕದಲ್ಲಿ ಇಡುವುದರಿಂದ ಅದು ಕಿರಿದಾಗಿರುತ್ತದೆ. ಅನ್ನ ನೀರು ಅದಕ್ಕೂ ಬೇಕು. ದಾಳಿಂಬೆ ಈ ಕೆಲಸಕ್ಕೆ ಒಗ್ಗುವ ಗಿಡ. ಎಲೆ ಸಣ್ಣದು. ಕಾಂಡ ಬಲುಬೇಗ ಗಂಟುಗಂಟಾಗಿ ವಯಸ್ಸಾದಂತೆ ಕಾಣುತ್ತದೆ. ಹಳೆಯ ಮರವನ್ನು ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ. ಕೆಂಪು ಹೂವಿನ ಚೆಲುವಂತೂ ಎಲ್ಲರಿಗೂ ಗೊತ್ತಿದ್ದದ್ದೇ.

ಗಿಡ ಕುಳ್ಳಾದರೆ ಎಲೆಯೂ ಸ್ವಲ್ಪ ಕಿರಿದಾಗುತ್ತದೆ; ಹಣ್ಣು ಮಾತ್ರ ಕಿರಿದಾಗುವುದಿಲ್ಲ. ಡಾ. ಜಿ. ಎಸ್. ಚೀಮಾ ಅವರು ಪುಣೆಯ ಗಣೇಶಖಿಂಡದಲ್ಲಿ ಆಯ್ದು ತೆಗೆದ "ಗಣೇಶ" ತಳಿಯನ್ನಾಗಲಿ, ಈಗ ಬಯಲುಸೀಮೆಯನ್ನೆಲ್ಲ ಆವರಿಸಿರುವ "ಭಗವಾ" ತಳಿಯನ್ನಾಗಲಿ ತಟ್ಟೆಗೆ ತಂದರೆ ಒಂದೂವರೆ ಅಡಿಯ ಮರದಲ್ಲಿ ತೋಟದ ಗಾತ್ರದ ಹಣ್ಣೇ ತೂಗುತ್ತದೆ. ರೆಂಬೆ ಸೀಳಬಹುದು. ಆದ್ದರಿಂದ ಒಂದು ಮರಕ್ಕೆ ಒಂದೇ ಹಣ್ಣು ಬಿಟ್ಟು ಉಳಿದ ಹೀಚುಗಳನ್ನು ಚಿವುಟಬೇಕು. ಇದು ಬೇಡವೆನ್ನುವವರಿಗೆ "ನಾನಾ" ಎಂಬ ಕುಬ್ಜ ಜಾತಿಯೇ ಇದೆ. ಅದರ ಎಲೆ, ಹೂ, ಕಾಯಿ ಎಲ್ಲವೂ ಚಿಕ್ಕವು. ಬೀಜದಿಂದ ಎದ್ದ ಸಸಿ ಒಂದೆರಡು ವರ್ಷಕ್ಕೇ ಹೂ ಬಿಡುತ್ತದೆ. ಹಣ್ಣು ನಿಂಬೆಯ ಗಾತ್ರವನ್ನು ದಾಟದು, ತಿನ್ನಲು ರುಚಿಯೂ ಇಲ್ಲ. ಗೋಕಾಕದ ಕುಶಲಕರ್ಮಿಗಳು ಮರದಲ್ಲಿ ಕೆತ್ತಿ ಬಣ್ಣ ಬಳಿದ ಹಣ್ಣುಗಳನ್ನು ನೋಡಿದವರು ಈ ಪುಟ್ಟ ಕಾಯಿಗಳನ್ನೂ ಬೊಂಬೆ ಹಣ್ಣೆಂದೇ ತಿಳಿದಾರು!

ಸಸಿ ಮಾಡಿಕೊಳ್ಳುವ ಬಗೆ ಮೂರು. ಬೀಜದಿಂದ ಮಾಡಬಹುದು. ಡಿಸೆಂಬರ್-ಜನವರಿಯಲ್ಲಿ ಪೆನ್ಸಿಲ್ ದಪ್ಪದ, ಎಂಟು ಹತ್ತು ಅಂಗುಲ ಉದ್ದದ ಬಲಿತ ಕಡ್ಡಿ ನೆಟ್ಟು ಬೇರು ಬರಿಸಬಹುದು. ಮಳೆಗಾಲದಲ್ಲಿ ಗೂಟಿ ಕಟ್ಟಬಹುದು. ಹೆಬ್ಬೆರಳು ದಪ್ಪದ ರೆಂಬೆಯಲ್ಲಿ ಒಂದು ಅಂಗುಲದಷ್ಟು ತೊಗಟೆಯನ್ನು ಉಂಗುರದಂತೆ ತೆಗೆದು, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಹಾಳೆ ಬಿಗಿದರೆ ಒಂದೂವರೆ ಎರಡು ತಿಂಗಳಲ್ಲಿ ಬೇರು ಕಾಣುತ್ತದೆ. ಗೂಟಿಯ ಲಾಭವೆಂದರೆ ಮೊದಲ ದಿನದಿಂದಲೇ ದಪ್ಪ ಕಾಂಡ ದೊರೆಯುವುದು. ಉಳಿದೆರಡು ಬಗೆಯಲ್ಲಿ ಸಸಿಯನ್ನು ಮೂರು ನಾಲ್ಕು ವರ್ಷ ನೆಲದಲ್ಲೋ ದೊಡ್ಡ ಕುಂಡದಲ್ಲೋ ಬೆಳೆಸಿ ಕಾಂಡ ಬಲಿಸಬೇಕು. ತಟ್ಟೆಗೆ ಹೋದ ಮೇಲೆ ಕಾಂಡ ದಪ್ಪವಾಗುವುದು ಬಲು ನಿಧಾನ. ಅವಸರಪಟ್ಟವರಿಗೆ ಕಡ್ಡಿಯಂಥ ಮರವೇ ಗತಿ.

ಅಗ್ಗದ ಬುಡದಿಂದ ದೂರವಿರಿ

ಇಲ್ಲಿ ಒಂದು ಎಚ್ಚರಿಕೆಯ ಮಾತು. 2000ದ ನಂತರದ ದಶಕದಲ್ಲಿ ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆ ದುಂಡಾಣು ಅಂಗಮಾರಿ ರೋಗ ದಾಳಿಂಬೆ ತೋಟಗಳನ್ನು ಹಾಳುಗೆಡವಿತು. ಸಾಲ ಮಾಡಿ ನೆಟ್ಟ ತೋಟಗಳನ್ನು ರೈತರು ಕೈಯಾರೆ ಕಿತ್ತುಹಾಕಿದರು. ಇಂದಿಗೂ ಈ ರೋಗ ಹೋಗಿಲ್ಲ. ಎಲೆಯ ಮೇಲೆ ನೀರುಂಡಂತೆ ಕಾಣುವ ಸಣ್ಣ ಚುಕ್ಕೆಗಳು, ಗೆಣ್ಣಿನಲ್ಲಿ ಕಪ್ಪು, ಹಣ್ಣಿನ ಮೇಲೆ ಎಣ್ಣೆ ಹಚ್ಚಿದಂಥ ಕಲೆ, ಆಮೇಲೆ ಹಣ್ಣು ಸೀಳುವುದು ಇದರ ಲಕ್ಷಣ. ಗಾಳಿ ಮಳೆಯಲ್ಲಿ ಹನಿಯಿಂದ ಹನಿಗೆ ಹರಡುತ್ತದೆ. ಸೊರಗು ರೋಗವೆಂಬ ಇನ್ನೊಂದು ಬೇರು ಮತ್ತು ಮಣ್ಣಿನ ಜೊತೆ ಬರುತ್ತದೆ.

ಹೀಗೆ ಕಿತ್ತ ತೋಟದ ಹಳೆಯ ಬುಡಗಳು ಕುಬ್ಜ ಮರಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತವೆ, ಬೆಲೆಯೂ ಕಡಿಮೆ. ಆದರೆ ಅಂಥ ಬುಡವನ್ನು ಮನೆಗೆ ತರುವುದೆಂದರೆ ರೋಗವನ್ನು ಗಾಡಿ ಹತ್ತಿಸಿಕೊಂಡು ಬಂದಂತೆ. ನಮ್ಮ ಮಲೆನಾಡಿನ ಮಳೆ ಆ ರೋಗಕ್ಕೆ ಹಬ್ಬದೂಟ. ನಮ್ಮಲ್ಲಿ ದಾಳಿಂಬೆ ತೋಟವಿಲ್ಲ, ಹೆದರಿಕೆ ಏಕೆ ಎಂದು ಕೇಳಬಹುದು. ಘಟ್ಟ ಇಳಿಯುತ್ತಲೇ ಕಡೂರು, ಹೊಸದುರ್ಗದ ಕಡೆ ತೋಟಗಳಿವೆ. ಅಲ್ಲಿಯ ರೈತನೂ ನಮ್ಮಂತೆಯೇ ಸಾಲಗಾರ. ಗೂಟಿ ತರುವುದಾದರೆ ರೋಗವಿಲ್ಲದ ಮರದಿಂದ, ಸಸಿ ಕೊಳ್ಳುವುದಾದರೆ ನಂಬಿಕೆಯ ನರ್ಸರಿಯಿಂದ ತರಬೇಕು. ಹಳೆಯ ಮಣ್ಣನ್ನು ತೊಳೆದು ಬಿಟ್ಟು, ಒಂದು ಮಳೆಗಾಲ ಬೇರೆಯಾಗಿಟ್ಟು ನೋಡಬೇಕು.

ಮಣ್ಣು ಮತ್ತು ತಟ್ಟೆ

ಧುಪದಾಳದ ಎರೆ ಮಣ್ಣೂ ಬೇಡ, ನಮ್ಮ ಅಂಟು ಜೇಡಿಯೂ ಬೇಡ. ಎರಡು ಪಾಲು ದಪ್ಪ ಮರಳು ಅಥವಾ ಜೋಳದ ಕಾಳಿನಷ್ಟು ಗಾತ್ರದ ಇಟ್ಟಿಗೆ ಚೂರು, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕೊಳೆತ ಗೊಬ್ಬರ. ಎಲ್ಲವನ್ನೂ ಜರಡಿ ಹಿಡಿದು ಧೂಳನ್ನು ತೆಗೆದುಹಾಕಬೇಕು. ತೂತನ್ನು ಮುಚ್ಚುವುದು ಈ ಧೂಳೇ. ಕಾಫಿ ಸಿಪ್ಪೆಯ ಗೊಬ್ಬರವಾದರೆ ಅದು ಪೂರ್ತಿ ಕಳಿತು ಮಣ್ಣಿನ ವಾಸನೆ ಬಂದಿರಬೇಕು. ನಮ್ಮ ಮಣ್ಣು ಹುಳಿ. ದಾಳಿಂಬೆಗೆ ಸುಣ್ಣದ ನೆಲ ಹೊಂದುತ್ತದೆ. ಆದ್ದರಿಂದ ಮಿಶ್ರಣಕ್ಕೆ ಒಂದು ಚಮಚ ಕೃಷಿ ಸುಣ್ಣ ಬೆರೆಸಿದರೆ ಒಳಿತು.

ತಟ್ಟೆಯ ಆಳ ಸುಮಾರಾಗಿ ಕಾಂಡದ ಬುಡದ ದಪ್ಪದಷ್ಟಿದ್ದರೆ ನೋಟಕ್ಕೆ ಚೆಂದ. ಆದರೆ ಮಲೆನಾಡಿನಲ್ಲಿ ಒಂದಂಗುಲ ಹೆಚ್ಚು ಆಳವಿರುವುದು ಕ್ಷೇಮ. ಆಳದ ಮಣ್ಣಿನಲ್ಲಿ ನೀರು ಬೇಗ ಕೆಳಗಿಳಿಯುತ್ತದೆ. ಕಿರುಬೆರಳು ಹೋಗುವಷ್ಟು ಎರಡು ತೂತಾದರೂ ಇರಬೇಕು. ಅದರ ಮೇಲೆ ಸೊಳ್ಳೆ ಜಾಲರಿಯ ತುಂಡು ಹಾಸಿ ಮಣ್ಣು ತುಂಬಬೇಕು. ಗಾಳಿಗೆ ಮರ ಅಲುಗದಂತೆ ತೂತಿನ ಮೂಲಕ ತಂತಿ ತಂದು ಬುಡವನ್ನು ಬಿಗಿಯಬೇಕು. ತಟ್ಟೆ ಎಂದಿಗೂ ನೆಲದ ಮೇಲೆ ಕೂರಬಾರದು. ಎರಡು ಇಟ್ಟಿಗೆಯ ಮೇಲಿರಲಿ.

ಬೇರು ಕತ್ತರಿಸುವುದು ಕೇಳಲು ಕ್ರೂರವೆನಿಸಬಹುದು. ಕಾಫಿ ಸಸಿಯ ಪ್ಲಾಸ್ಟಿಕ್ ಚೀಲವನ್ನು ನೆನೆಸಿಕೊಳ್ಳಿ. ಚೀಲದಲ್ಲಿ ಹೆಚ್ಚು ದಿನ ಉಳಿದ ಸಸಿಯ ತಾಯಿಬೇರು ತಳ ಮುಟ್ಟಿ ಸುರುಳಿ ಸುತ್ತುತ್ತದೆ. ಅದನ್ನು ಕತ್ತರಿಸದೆ ನೆಟ್ಟ ಗಿಡ ವರ್ಷಗಟ್ಟಲೆ ಏಳುವುದಿಲ್ಲ. ತಟ್ಟೆಯ ಬೇರೂ ಹಾಗೆಯೇ ಸುತ್ತಿ ಸುತ್ತಿ ತನ್ನ ಉಸಿರನ್ನು ತಾನೇ ಕಟ್ಟಿಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ, ಚಿಗುರು ಒಡೆಯುವ ಮುನ್ನ ಫೆಬ್ರವರಿಯ ಸುಮಾರಿಗೆ ಗಿಡವನ್ನು ಎತ್ತಿ, ಮೂರರಲ್ಲಿ ಒಂದು ಪಾಲು ಬೇರನ್ನು ಚೂಪಾದ ಕತ್ತರಿಯಿಂದ ತೆಗೆದು, ಹೊಸ ಮಣ್ಣಿನಲ್ಲಿ ಕೂರಿಸಬೇಕು. ಬೇರು ತೆಗೆದಷ್ಟೇ ರೆಂಬೆಯನ್ನೂ ತೆಗೆಯಬೇಕು. ಎರಡು ವಾರ ನೆರಳು. ಒಂದು ತಿಂಗಳು ಗೊಬ್ಬರವಿಲ್ಲ.

ರೂಪ ಕೊಡುವುದು

ಎಳೆಯ ರೆಂಬೆಗೆ ಅಲ್ಯೂಮಿನಿಯಂ ತಂತಿಯನ್ನು ಓರೆಯಾಗಿ ಸುತ್ತಿ ಬೇಕಾದತ್ತ ಬಗ್ಗಿಸಬಹುದು. ಬಲಿತ ದಾಳಿಂಬೆ ರೆಂಬೆ ಬಗ್ಗದು, ಟಪ್ಪನೆ ಮುರಿಯುತ್ತದೆ. ಗಾದೆ ಸುಳ್ಳಲ್ಲ! ಮಳೆಗಾಲದಲ್ಲಿ ರೆಂಬೆ ಬೇಗ ದಪ್ಪವಾಗುವುದರಿಂದ ಹದಿನೈದು ದಿನಕ್ಕೊಮ್ಮೆ ತಂತಿಯನ್ನು ನೋಡಬೇಕು. ತೊಗಟೆಯನ್ನು ಕಚ್ಚಿತೆಂದರೆ ಆ ಗಾಯದ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ತಂತಿಯನ್ನು ಬಿಚ್ಚದೆ ತುಂಡು ತುಂಡಾಗಿ ಕತ್ತರಿಸಿ ತೆಗೆಯುವುದು ಮೇಲು. ಹಳೆಯ ಮರಕ್ಕೆ ಕತ್ತರಿಯೇ ಶಿಲ್ಪಿ. ಯಾವ ಮೊಗ್ಗು ಯಾವ ದಿಕ್ಕಿಗೆ ನೋಡುತ್ತಿದೆಯೋ ಅದರ ಮೇಲೆ ಕತ್ತರಿಸಿದರೆ ಹೊಸ ರೆಂಬೆ ಆ ದಿಕ್ಕಿಗೇ ಹೋಗುತ್ತದೆ. ಕಾಫಿ ಗಿಡಕ್ಕೆ ಕಪಾತು ಮಾಡಿ, ಬೇಡದ ಚಿಗುರು ತೆಗೆದು ಕೈ ಪಳಗಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬುಡದಿಂದ ಏಳುವ ಚಿಗುರುಗಳನ್ನು ಕಂಡ ಕೂಡಲೇ ಚಿವುಟಿ. ಬಿಟ್ಟರೆ ಮರ ಪೊದೆಯಾಗುತ್ತದೆ.

ಹೂವಿನ ಗುಟ್ಟು

ದಾಳಿಂಬೆ ರೈತರು "ಬಹಾರ" ಎಂಬ ಕ್ರಮವನ್ನು ಅನುಸರಿಸುತ್ತಾರೆ. ಗಿಡಕ್ಕೆ ಕೆಲಕಾಲ ನೀರು ನಿಲ್ಲಿಸಿ, ಎಲೆ ಉದುರಿಸಿ, ಆಮೇಲೆ ಗೊಬ್ಬರ ನೀರು ಕೊಟ್ಟು ಒಮ್ಮೆಗೇ ಹೂ ತರಿಸುವುದೇ ಬಹಾರ. ಜನವರಿ-ಫೆಬ್ರವರಿಯ ಹೂವಿಗೆ ಅಂಬೆ ಬಹಾರ, ಜೂನ್-ಜುಲೈಯದಕ್ಕೆ ಮೃಗ ಬಹಾರ, ಸೆಪ್ಟೆಂಬರ್-ಅಕ್ಟೋಬರಿನದಕ್ಕೆ ಹಸ್ತ ಬಹಾರ ಎಂದು ಹೆಸರು. ಕಾಫಿ ಬೆಳೆಗಾರರಿಗೆ ಇದು ಹೊಸದೇನಲ್ಲ. ಚಳಿಗಾಲ ಕಳೆದು ನೆಲ ಒಣಗಿ, ಮೊಗ್ಗು ಕಾದು ಕುಳಿತಿರುವಾಗ ಹೂಮಳೆ ಒಂದಂಗುಲ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಎರಡು ಗಿಡದ ಒಳಗಿನ ಕೆಲಸ ಬೇರೆಬೇರೆ ಇರಬಹುದು. ಬಾಯಾರಿಕೆಯ ನಂತರದ ನೀರಿಗೆ ಹೂವಾಗುವ ಗುಣ ಎರಡಕ್ಕೂ ಇದೆ.

ಹೊಲದಲ್ಲಿ ತಿಂಗಳು ಎರಡು ತಿಂಗಳು ನೀರು ನಿಲ್ಲಿಸುತ್ತಾರೆಂದು ತಟ್ಟೆಗೂ ಹಾಗೆ ಮಾಡಿದರೆ ಗಿಡ ಸಾಯುತ್ತದೆ. ತಟ್ಟೆಯ ಮಣ್ಣು ಬಿಸಿಲಿಗೆ ಒಂದೇ ದಿನದಲ್ಲಿ ಒಣಗೀತು. ಎಳೆಯ ಎಲೆ ತುಸು ಬಾಡುವವರೆಗೆ ಕಾದು ಸ್ವಲ್ಪ ನೀರು, ಮತ್ತೆ ಕಾಯುವುದು, ಹೀಗೆ ಎರಡು ಮೂರು ವಾರ ಸಾಕು. ಮಲೆನಾಡಿನವರಿಗೆ ಮಳೆ ಹಿಂದೆ ಸರಿದ ಮೇಲೆ, ದೀಪಾವಳಿಯ ಸುಮಾರಿಗೆ ಇದನ್ನು ಮಾಡುವುದು ಅನುಕೂಲ. ಹೂವಿನಿಂದ ಹಣ್ಣಿಗೆ ಐದಾರು ತಿಂಗಳು ಬೇಕು. ಚಳಿಗಾಲದಲ್ಲಿ ಹೂ ಬಿಟ್ಟರೆ ಮಳೆಗೆ ಮುಂಚೆ ಹಣ್ಣು ಕೈಗೆ ಬರುತ್ತದೆ. ಮೊಗ್ಗು ಬರುವುದು ಚಿಗುರಿನ ತುದಿಯಲ್ಲಿ. ಆಗ ಅಂದಕ್ಕೆಂದು ತುದಿ ಕತ್ತರಿಸುತ್ತ ಹೋದರೆ ಹೂವೆಲ್ಲ ಕತ್ತರಿಯ ಪಾಲು. ಬುಡ ತುಂಬಿಕೊಂಡು ಹೂಜಿಯಂತಿರುವ ಹೂ ಕಾಯಿ ಕಚ್ಚುತ್ತದೆ. ಗಂಟೆಯಂತೆ ಬುಡ ಸಣ್ಣಗಿರುವುದು ಗಂಡು ಹೂ, ಉದುರುತ್ತದೆ. ಅದಕ್ಕೆ ಗಾಬರಿ ಬೇಡ.

ಹಣ್ಣು ಹೊತ್ತ ವರ್ಷ ಫೆಬ್ರವರಿಯಲ್ಲಿ ಬೇರಿಗೆ ಕೈ ಹಾಕುವಂತಿಲ್ಲ. ಆದ್ದರಿಂದ ಒಂದು ವರ್ಷ ಹಣ್ಣು, ಮರುವರ್ಷ ಮಣ್ಣು ಬದಲಾವಣೆ ಎಂದು ಇಟ್ಟುಕೊಳ್ಳುವುದು ಮೇಲು. ಅರೇಬಿಕಾ ಗಿಡ ಒಂದು ವರ್ಷ ತುಂಬ ಹೊತ್ತು ಮರುವರ್ಷ ಸುಧಾರಿಸಿಕೊಳ್ಳುವುದನ್ನು ಕಂಡ ನಮಗೆ ಈ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ.

ಮಳೆಗಾಲ ದಾಟಿಸುವುದು

ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ದಾಳಿಂಬೆಗೆ ಬೇಕು. ಸಿಲ್ವರ್ ಓಕಿನ ನೆರಳು ಕಾಫಿಗೆ ಹಿತ, ಇದಕ್ಕೆ ಸೆರೆಮನೆ. ಕಾಫಿ, ಅಡಿಕೆ ಒಣಗಿಸುವ ಕಣದ ಅಂಚು ಒಳ್ಳೆಯ ಜಾಗ. ಮಳೆ ಹಿಡಿದ ಮೇಲೆ ತಟ್ಟೆಯನ್ನು ಬೆಳಕು ಬರುವ ಸೂರಿನ ಕೆಳಗೋ, ಪಾರದರ್ಶಕ ಹಾಳೆಯ ಚಪ್ಪರದ ಕೆಳಗೋ ಇಡಬೇಕು. ಸೂರಿನ ನೀರು ತಟ್ಟೆಗೆ ಸುರಿಯದಂತೆ ನೋಡಿಕೊಳ್ಳಬೇಕು. ತಟ್ಟೆಯ ಒಂದು ಬದಿಗೆ ಮರದ ತುಂಡು ಕೊಟ್ಟು ಓರೆಯಾಗಿಸಿದರೆ ನೀರು ಒಂದು ಮೂಲೆಗೆ ಸೇರಿ ತೂತಿನಿಂದ ಬಸಿದುಹೋಗುತ್ತದೆ. ಕಾಸಿಲ್ಲದ ಈ ಉಪಾಯ ಎಷ್ಟೋ ಗಿಡಗಳನ್ನು ಉಳಿಸಬಲ್ಲದು. ಬೆರಳನ್ನು ಒಂದಂಗುಲ ಮಣ್ಣಿಗೆ ಇಳಿಸಿ ನೋಡಿ. ಒದ್ದೆಯಿದ್ದರೆ ನೀರು ಬೇಡ. ಪಂಚಾಂಗ ನೋಡಿ ನೀರು ಹಾಕಬಾರದು, ಬೆರಳು ನೋಡಿ ಹಾಕಬೇಕು.

ಕೊಳೆರೋಗಕ್ಕೆಂದು ಅಡಿಕೆಗೆ ಬೋರ್ಡೋ ದ್ರಾವಣ ತಯಾರಿಸುವ ದಿನ ಒಂದು ಲೋಟವನ್ನು ದಾಳಿಂಬೆಗೂ ಎತ್ತಿಡಬಹುದು. ಶೇಕಡಾ ಒಂದರ ದ್ರಾವಣವೇ ಸಾಕು. ಬೇರೆಯಾಗಿ ಮಾಡುವುದಾದರೆ ಒಂದು ಲೀಟರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ. ಹೂವಿರುವಾಗ ಹೊಡೆಯಬಾರದು. ಕಾಯಿ ಕೊರೆಯುವ ಹುಳುವಿಗೆ ಮದ್ದಿಗಿಂತ ತೆಳು ಬಟ್ಟೆಯ ಚೀಲವೇ ಲೇಸು. ಒಂದೆರಡು ಕಾಯಿಗೆ ಚೀಲ ಕಟ್ಟುವುದು ಎಷ್ಟು ಹೊತ್ತಿನ ಕೆಲಸ?

ತಿಂಗಳವಾರು ಕೆಲಸ

ಜನವರಿ-ಫೆಬ್ರವರಿ: ಮಣ್ಣು ಬದಲಿಸುವ ವರ್ಷವಾದರೆ ಬೇರು, ರೆಂಬೆ ಕತ್ತರಿಸುವುದು. ಹಣ್ಣಿನ ವರ್ಷವಾದರೆ ಹೆಚ್ಚಿನ ಹೀಚು ತೆಗೆಯುವುದು.

ಮಾರ್ಚ್-ಮೇ: ಬೆಳಿಗ್ಗೆ ತಪ್ಪದೆ ನೀರು, ಕಡುಬೇಸಿಗೆಯಲ್ಲಿ ಸಂಜೆಯೂ. ಹದಿನೈದು ದಿನಕ್ಕೊಮ್ಮೆ ತೆಳ್ಳಗೆ ಮಾಡಿದ ಹಿಂಡಿ ನೀರು. ಎಳೆ ರೆಂಬೆಗೆ ತಂತಿ. ಹಣ್ಣು ಕೊಯ್ದ ಮೇಲೆ ಹಗುರ ಕಪಾತು.

ಜೂನ್-ಸೆಪ್ಟೆಂಬರ್: ಸೂರಿನ ಕೆಳಗೆ ವಾಸ, ಓರೆ ತಟ್ಟೆ, ಗೊಬ್ಬರ ಬಂದ್, ಬೋರ್ಡೋ, ತಂತಿಯ ತಪಾಸಣೆ. ಗೂಟಿ ಕಟ್ಟುವ ಕಾಲ.

ಅಕ್ಟೋಬರ್-ಡಿಸೆಂಬರ್: ಮತ್ತೆ ಬಿಸಿಲಿಗೆ. ಹಣ್ಣು ಬೇಕೆಂದಿದ್ದರೆ ನೀರಿನ ಬಿಗಿ, ಆಮೇಲೆ ಹಿಂಡಿ ನೀರು, ಒಂದು ಚಿಟಿಕೆ ಬೂದಿ. ಡಿಸೆಂಬರಿನಲ್ಲಿ ಕಡ್ಡಿ ನೆಡುವುದು.

ಇದರಿಂದ ಮನೆಗೆ ಹಣ ಬಂದೀತೆಂದು ನಾವು ಹೇಳುವುದಿಲ್ಲ. ತೋಟದ ಏರು ಹತ್ತಲಾರದ ಹಿರಿಯರಿಗೆ ಕಣದ ಅಂಚಿನ ಒಂದು ತಟ್ಟೆ ಮರ ದಿನಕ್ಕೆ ಹತ್ತು ನಿಮಿಷದ ಬೇಸಾಯ. ಶಾಲೆಯ ಮಕ್ಕಳಿಗೆ ಬೇರು, ನೀರು, ಹೂ, ಹಣ್ಣು ಎಲ್ಲವೂ ಕೈಗೆಟಕುವ ಎತ್ತರದಲ್ಲಿ ಕಾಣುತ್ತವೆ. ಎಕರೆಗಟ್ಟಲೆ ತೋಟದಲ್ಲಿ ಮಾಡಿದ ತಪ್ಪಿನ ಫಲ ಕಾಣಲು ಮೂರು ವರ್ಷ ಬೇಕು. ತಟ್ಟೆಯಲ್ಲಿ ಮೂರು ದಿನ ಸಾಕು. ಬರುವ ಮಳೆಗಾಲಕ್ಕೆ ಮುಂಚೆ ಮನೆಯಲ್ಲಿರುವ ಕುಂಡ ತಟ್ಟೆಗಳನ್ನೆಲ್ಲ ಒಮ್ಮೆ ಎತ್ತಿ, ಅಡಿಯ ತೂತು ತೆರೆದಿದೆಯೇ ಎಂದು ನೋಡಿರಿ. ಮುಚ್ಚಿದ್ದರೆ ಒಂದು ಕಡ್ಡಿಯಿಂದ ಬಿಡಿಸಿರಿ. ಅಷ್ಟು ಮಾಡಿದರೆ ಅರ್ಧ ಕೆಲಸ ಮುಗಿದಂತೆ.